ಮಂಡಿ ಬದಲಿಸಿ 8 ತಿಂಗಳಾಯಿತು, ಅವ್ವನ ನೋವು ಹೋಗಿಲ್ಲ. ಎಲ್ಲಿಂದ ಹುಡುಕಬೇಕು?

ಹಾವೇರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಅವ್ವನಿಗೆ 66 ವರ್ಷ. ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. 8 ತಿಂಗಳ ಹಿಂದೆ ಬಲಗಾಲಿನ ಮಂಡಿ ಬದಲಿಸಿದರು. ಅದಕ್ಕೂ ಮುಂಚೆ ಐದಾರು ವರ್ಷ ನೋವು ತಿಂದಿದ್ದಳು. ಎಕ್ಸ್‌ರೇಯಲ್ಲಿ ಸವೆತ ಕಾಣುತ್ತಿತ್ತು, ಹಾಗಾಗಿ ಆಪರೇಷನ್‌ಗೆ ಒಪ್ಪಿದೆವು. ಗಾಯ ಚೆನ್ನಾಗಿ ಮಾಗಿದೆ. ಕಾಲು ಪೂರ್ತಿ ನೆಟ್ಟಗಾಗುತ್ತೆ, 110 ಡಿಗ್ರಿವರೆಗೆ ಮಡಚಲು ಬರುತ್ತೆ ಅಂತ ಫಿಸಿಯೋ ಅಳೆದು ಹೇಳಿದ್ದಾರೆ. ನೋವು ಮಾತ್ರ ಹೋಗಿಲ್ಲ. ನಡೆಯುವಾಗ ಇದೆ, ಕುರ್ಚಿಯಿಂದ ಏಳುವಾಗ ಜಾಸ್ತಿ. ರಾತ್ರಿ ಮಗ್ಗಲು ಬದಲಿಸಿದರೆ ಎಚ್ಚರವಾಗುತ್ತೆ.

ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಮೂರು ಸಲ ಹೋಗಿ ಬಂದೆವು. ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಸರಿಯಾಗಿ ಕೂತಿದೆ. ನಿಮ್ಮ ತಾಯಿ ವ್ಯಾಯಾಮ ಮಾಡ್ತಿಲ್ಲ" ಅಂದರು. ಅವ್ವ ದಿನಾ ಬೆಳಿಗ್ಗೆ ಗಡಿಯಾರ ನೋಡಿಕೊಂಡು 20 ನಿಮಿಷ ಕಾಲು ಎತ್ತಿ ಇಳಿಸೋದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆ ದಿನ ಬಸ್ಸಿನಲ್ಲಿ ಊರು ಬರುವವರೆಗೂ ಅವಳು ಒಂದು ಮಾತೂ ಆಡಲಿಲ್ಲ.

ಇದು ಸಹಿಸಿಕೊಳ್ಳಬೇಕಾದ ನೋವಾ, ಹುಡುಕಬೇಕಾದ ನೋವಾ? ಹುಡುಕುವುದಾದರೆ ಎಲ್ಲಿಂದ ಶುರು ಮಾಡಲಿ?

ಮೈಸೂರು ಟೀಚರ್

ತಂಗಿ, ನನಗೆ 2018ರಲ್ಲಿ ಎರಡೂ ಮಂಡಿ ಒಟ್ಟಿಗೆ ಮಾಡಿದರು. ಬಲಗಾಲು ಐದು ತಿಂಗಳಿಗೆ ಸರಿಹೋಯಿತು. ಎಡಗಾಲು ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಸಂಜೆಯಾದರೆ ಊದಿಕೊಳ್ಳುತ್ತಿತ್ತು. ಅದು ಸರಿಹೋಗಲು ಒಂದು ವರ್ಷದ ಮೇಲೆ ಹಿಡಿಯಿತು. ಒಂದೇ ದಿನ, ಒಂದೇ ಕೈ, ಒಂದೇ ಕಂಪನಿಯ ಕೃತಕ ಕೀಲು. ಆದರೂ ಎರಡು ಕಾಲಿಗೆ ಎರಡು ಥರ.

ಆದ್ದರಿಂದ 8 ತಿಂಗಳಿಗೆ ಎಲ್ಲಾ ಮುಗಿಯಿತು ಅಂತ ಕೈಚೆಲ್ಲಬೇಡಿ. ಒಂದು ಮಾತ್ರ ಕೇಳುತ್ತೇನೆ. ನನಗೆ ತಿಂಗಳಿಂದ ತಿಂಗಳಿಗೆ ಚೂರು ಚೂರೇ ಕಮ್ಮಿಯಾಗುತ್ತಾ ಬಂತು. ಅವ್ವನಿಗೆ ಹಾಗೆ ಇಳಿಯುತ್ತಾ ಇದೆಯಾ, ಅಥವಾ ನಿಂತಲ್ಲೇ ನಿಂತಿದೆಯಾ?

ಬಳ್ಳಾರಿ ಬಸವ

ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ಬೆಂಗಳೂರಲ್ಲಿ ಬೇರೆ ಡಾಕ್ಟರ್ "ಕೀಲು ಸರಿ ಕೂತಿಲ್ಲ, ಮತ್ತೆ ಮಾಡಬೇಕು" ಅಂದರು, ಮಾಡಿಸಿಬಿಟ್ಟೆವು. ಈಗ ಎರಡು ವರ್ಷ. ನೋವು ಹೋಗಲಿಲ್ಲ, ದುಡ್ಡು ಹೋಯಿತು. ಏನು ಸರಿ ಇರಲಿಲ್ಲ ಅಂತ ನಾವು ಕೇಳಲೇ ಇಲ್ಲ. ಅದೇ ನಮ್ಮ ತಪ್ಪು. ನೀವು ಕೇಳಿ.

ಮೂಳೆ ವೈದ್ಯ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವೈದ್ಯ. ಅವ್ವನ ಕಾಲನ್ನು ಮುಟ್ಟಿ ನೋಡದೆ ಕಾರಣ ಹೇಳಲಾರೆ. ಆದರೆ ಇಂಥ ರೋಗಿ ಎದುರು ಕೂತಾಗ ಏನು ಕೇಳುತ್ತೇನೆ ಅನ್ನುವುದನ್ನು ಹೇಳಬಹುದು.

ಮೊದಲು ಅವ್ವನಿಗೆ ಇದನ್ನು ಓದಿ ಹೇಳಿ. ಮಂಡಿ ಬದಲಿಸಿಕೊಂಡ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ನೋವು ತೃಪ್ತಿಯಾಗುವಷ್ಟು ಹೋಗುವುದಿಲ್ಲ. ಹಲವು ದೇಶಗಳ ಲೆಕ್ಕದಲ್ಲಿ ಇದು ಶೇಕಡಾ 10ರಿಂದ 20ರ ಆಸುಪಾಸಿನಲ್ಲಿದೆ. ಅವರೆಲ್ಲ ಸೋಮಾರಿಗಳಲ್ಲ. ಆಪರೇಷನ್ ಆಗಿ 3 ತಿಂಗಳು ದಾಟಿದ ಮೇಲೂ ಉಳಿಯುವ ನೋವಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ. ನಿಮ್ಮ ಅವ್ವ ಕಲ್ಪಿಸಿಕೊಳ್ಳುತ್ತಿಲ್ಲ.

ನಾನು ಕೇಳುವ ಮೊದಲ ಪ್ರಶ್ನೆ: ಈ ನೋವು ಯಾವಾಗ ಶುರುವಾಯಿತು? ಇದು ಸಣ್ಣ ಪ್ರಶ್ನೆ ಅನ್ನಿಸಬಹುದು, ಆದರೆ ಅರ್ಧ ದಾರಿ ತೋರಿಸುವುದು ಇದೇ. ಆಪರೇಷನ್ ಆದ ದಿನದಿಂದಲೇ ಹೊಸ ಥರದ ನೋವು ಶುರುವಾಗಿ ನಿಲ್ಲದೇ ಇದ್ದರೆ ಸೋಂಕು, ಕೀಲು ವಾರೆಯಾಗಿ ಕೂತಿರುವುದು, ಅಕ್ಕಪಕ್ಕದ ನಾರು ಸಡಿಲ ಅಥವಾ ಬಿಗಿಯಾಗಿರುವುದು, ಮಂಡಿಚಿಪ್ಪಿನ ತೊಂದರೆ ಇವುಗಳನ್ನು ಯೋಚಿಸುತ್ತೇವೆ. ಕೆಲವು ತಿಂಗಳು ಅಥವಾ ವರ್ಷ ಆರಾಮಾಗಿದ್ದು ಆಮೇಲೆ ಬಂದರೆ ಕೀಲು ಸಡಿಲಾಗಿದೆಯಾ, ತಡವಾಗಿ ಸೋಂಕು ಬಂತಾ ಅಂತ ನೋಡುತ್ತೇವೆ. ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಆಪರೇಷನ್‌ಗೆ ಮುಂಚೆ ಇದ್ದ ಅದೇ ನೋವು, ಅದೇ ಜಾಗದಲ್ಲಿ, ಒಂದು ದಿನವೂ ಬಿಡದೆ ಮುಂದುವರಿದಿದ್ದರೆ ಆ ನೋವು ಮೊದಲಿಂದಲೂ ಮಂಡಿಯದ್ದೇ ಆಗಿತ್ತಾ ಅಂತ ಕೇಳಿಕೊಳ್ಳಬೇಕು.

ಇನ್ನು ಕೆಲವು ವಿವರ ಬೇಕು. ಕೂತು ಎದ್ದಾಗ ಮೊದಲ ನಾಲ್ಕೈದು ಹೆಜ್ಜೆಗೆ ಚುಚ್ಚಿ ಆಮೇಲೆ ಕಮ್ಮಿಯಾಗುತ್ತಾ? ಸುಮ್ಮನೆ ಮಲಗಿದ್ದಾಗಲೂ ಒಳಗೆ ಮಿಡಿಯುತ್ತಾ? ಮೆಟ್ಟಿಲು ಇಳಿಯುವಾಗ ಕಾಲು ಕೈಕೊಟ್ಟ ಹಾಗಾಗುತ್ತಾ? ಜ್ವರ, ಗಾಯದಿಂದ ನೀರು ಸೋರುವುದು ಯಾವತ್ತಾದರೂ ಇತ್ತಾ? ಒಂದೇ ಬೆರಳಲ್ಲಿ ನೋವಿನ ಜಾಗ ತೋರಿಸಲು ಹೇಳಿ. ಒಂದು ಬೆರಳು ಇಡುತ್ತಾರಾ, ಅಂಗೈಯಿಡೀ ಸವರುತ್ತಾರಾ ನೋಡಿ ಬರೆಯಿರಿ.

ಆಂಟಿಬಯೋಟಿಕ್ ಏನಾದರೂ ಕೊಟ್ಟಿದ್ದಾರಾ? ಇದನ್ನು ಮರೆಯದೆ ಹೇಳಿ.

ಉಡುಪಿ ಕಡಲು

ಡಾಕ್ಟ್ರ ಕೊನೆಯ ಸಾಲಿಗೆ ನಮ್ಮ ಮನೆಯ ಕಥೆ ಸೇರಿಸುತ್ತೇನೆ.

ಅಪ್ಪನಿಗೆ ಆಪರೇಷನ್ ಆಗಿ ಐದನೇ ವಾರ ಹೊಲಿಗೆಯ ಕೆಳತುದಿಯಲ್ಲಿ ಕಡ್ಲೆಕಾಳಿನಷ್ಟು ಜಾಗ ಒದ್ದೆಯಾಗತೊಡಗಿತು. ಬೆಳಿಗ್ಗೆ ಪಂಚೆಯ ಮೇಲೆ ಹಳದಿ ಕಲೆ. ಹತ್ತಿರದ ಕ್ಲಿನಿಕ್‌ನಲ್ಲಿ 5 ದಿನದ ಆಂಟಿಬಯೋಟಿಕ್ ಕೊಟ್ಟರು, ಒಣಗಿತು. ಎರಡು ವಾರಕ್ಕೆ ಮತ್ತೆ ಬಂತು, ಮತ್ತೆ ಮಾತ್ರೆ. ಹೀಗೆ ಮೂರು ಸಲ. ಪ್ರತಿ ಸಲ ಒಣಗಿದಾಗ ನಾವು ಖುಷಿಪಟ್ಟೆವು. ಒಳಗೆ ಸೋಂಕು ಬೇರು ಬಿಡುತ್ತಿತ್ತು.

ಆಮೇಲೆ ನೋಡಿದ ಡಾಕ್ಟರ್ ವಿವರಿಸಿದರು. ಲೋಹದ ಮೇಲೆ ಈ ಕ್ರಿಮಿಗಳು ಪಾಚಿಯ ಹಾಗೆ ಪದರ ಕಟ್ಟುತ್ತವಂತೆ. ಪದರ ಗಟ್ಟಿಯಾದ ಮೇಲೆ ಮಾತ್ರೆ ಒಳಗೆ ತಲುಪಲ್ಲ. ಮೊದಲ ದಿನಗಳಲ್ಲೇ ಸಿಕ್ಕಿದ್ದರೆ ತೆರೆದು ತೊಳೆದು, ಮಧ್ಯದ ಪ್ಲಾಸ್ಟಿಕ್ ತುಂಡು ಬದಲಿಸಿ, ಕೀಲನ್ನು ಉಳಿಸಿಕೊಳ್ಳುವ ಅವಕಾಶ ಇತ್ತು. ಅಪ್ಪನಿಗೆ ಎರಡು ಹಂತದಲ್ಲಿ ಮಾಡಬೇಕಾಯಿತು. ಕೀಲು ತೆಗೆದು, ಔಷಧಿ ಬೆರೆಸಿದ ಸಿಮೆಂಟಿನ ಅಚ್ಚು ಇಟ್ಟು, ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟು, ಆಮೇಲೆ ಹೊಸ ಕೀಲು. ಆ ಮಧ್ಯದ ತಿಂಗಳುಗಳನ್ನು ನೆನಪಿಸಿಕೊಳ್ಳಲು ಅಪ್ಪನಿಗೆ ಇಷ್ಟವಿಲ್ಲ.

ಮಂಡಿ ಬದಲಿಸಿದವರ ಗಾಯ ಸೋರಿದರೆ ದಯವಿಟ್ಟು ಕ್ಲಿನಿಕ್ಕಿಗೆ ಹೋಗಬೇಡಿ. ಅದೇ ದಿನ ಆಪರೇಷನ್ ಮಾಡಿದವರ ಹತ್ತಿರ ಹೋಗಿ.

ಕೊಪ್ಪಳ ಕಾಕಾ

ನಮ್ಮ ಕಡೆ ಒಬ್ಬರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಕೈ ಚಲೋ ಇದೆ. ನನ್ನ ಬೆನ್ನು ಅವರಿಂದಲೇ ಸರಿಹೋಯಿತು. ಒಮ್ಮೆ ತೋರಿಸಿ ನೋಡಬಾರದೇಕೆ ಮಗಳೇ?

ಬ್ರಿಸ್ಟಲ್ ಕನ್ನಡತಿ

ಕಾಕಾ, ನಿಮ್ಮ ಕಾಳಜಿ ಅರ್ಥವಾಗುತ್ತೆ. ನಾನೂ ಫಿಸಿಯೋ, ಕೈಯಿಂದಲೇ ಕೆಲಸ ಮಾಡುವವಳು. ಮಾಗಿದ ಗಾಯದ ಸುತ್ತ ಎಣ್ಣೆ ಹಚ್ಚಿ ಮೆಲ್ಲಗೆ ಸವರಿದರೆ ಚರ್ಮ ಸಡಿಲವಾಗುತ್ತೆ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಕಾರಣ ಗೊತ್ತಾಗುವ ಮುಂಚೆ ಜೋರಾಗಿ ತಿಕ್ಕುವುದು, ಮಂಡಿಯನ್ನು ಒತ್ತಿ ಮಡಚುವುದು ಬೇಡ. ಒಳಗೆ ಸೋಂಕಿದ್ದರೆ ಅಥವಾ ಕೀಲು ಸಡಿಲವಾಗಿದ್ದರೆ ಕೆಡುತ್ತೆ.

ಹಾವೇರಿ ಹುಡುಗಿ, ಇಲ್ಲಿ ಇಂಗ್ಲೆಂಡಿನಲ್ಲಿ ನಿಮ್ಮ ಅವ್ವನ ಥರದವರಿಗಾಗಿಯೇ ಒಂದು ಪ್ರಯೋಗ ನಡೆದಿತ್ತು. ಸ್ಟಾರ್ ಅಂತ ಹೆಸರು, ಬ್ರಿಸ್ಟಲ್‌ನವರು ಮುನ್ನಡೆಸಿದ್ದರು. ಆಪರೇಷನ್ ಆಗಿ 3 ತಿಂಗಳಾದರೂ ನೋವಿರುವ 363 ಜನರನ್ನು ತೆಗೆದುಕೊಂಡರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿನ ಪ್ರತಿಯೊಬ್ಬರ ಜೊತೆ ತರಬೇತಿ ಪಡೆದವರೊಬ್ಬರು ಸುಮಾರು ಒಂದು ಗಂಟೆ ಕೂತು, ನೋವಿನ ಕಥೆ ಪೂರ್ತಿ ಕೇಳಿ, ಕಾಲು ಪರೀಕ್ಷಿಸಿ, ಅಗತ್ಯ ನೋಡಿಕೊಂಡು ಸರ್ಜನ್, ಫಿಸಿಯೋ ಅಥವಾ ನೋವಿನ ಕ್ಲಿನಿಕ್ಕಿಗೆ ಕಳಿಸಿದರು. ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾ ಇದ್ದರು. 2022ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಎರಡನೇ ಗುಂಪಿನವರ ನೋವು ಕಮ್ಮಿ ಇತ್ತು. ಹೊಸ ಔಷಧಿ, ಹೊಸ ಯಂತ್ರ ಯಾವುದೂ ಅದರಲ್ಲಿ ಇರಲಿಲ್ಲ.

ಆ ಒಂದು ಗಂಟೆ ನಮ್ಮ ಊರಿನ ಒಪಿಡಿಯಲ್ಲಿ ಸಿಗಲ್ಲ, ಗೊತ್ತು. ಅದಕ್ಕೇ ಹೇಳುವುದು, ಆ ಕೆಲಸ ನೀವೇ ಮನೆಯಲ್ಲಿ ಮಾಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದು ವಾರ ಅವ್ವ ಏನು ಮಾಡಿದಾಗ ಎಲ್ಲಿ ನೋವು ಅಂದಳು ಅಂತ ಬರೆಯಿರಿ. ಡಾಕ್ಟರ್ ಪಟ್ಟಿ ಮಾಡಿದ ಪ್ರಶ್ನೆಗಳಷ್ಟೇ ಸಾಲದು. ಅವ್ವ ಏನು ಮಾಡುವುದನ್ನು ಬಿಟ್ಟಿದ್ದಾಳೆ, ಅದನ್ನೂ ಬರೆಯಿರಿ.

ಹಾವೇರಿ ಹುಡುಗಿ (9 ದಿನದ ನಂತರ)

ಎಲ್ಲರಿಗೂ ಧನ್ಯವಾದ. ಬ್ರಿಸ್ಟಲ್ ಅಕ್ಕ ಹೇಳಿದ ಹಾಗೆ ವಾರವಿಡೀ ಬರೆದೆ.

ಟೀಚರ್ ಅವರೇ, ಇಳಿಯುತ್ತಾ ಇಲ್ಲ. ಮೂರನೇ ತಿಂಗಳಿಂದ ನಿಂತಲ್ಲೇ ಇದೆ.

ಡಾಕ್ಟರ್, ಜ್ವರ ಇಲ್ಲ, ಗಾಯ ಸೋರಿಲ್ಲ. ಕಾಲು ಕೈಕೊಡಲ್ಲ. ಆಪರೇಷನ್ ಆದ ಎರಡನೇ ತಿಂಗಳಲ್ಲಿ ಒಂದು ಸಲ ಆಂಟಿಬಯೋಟಿಕ್ ಕೊಟ್ಟಿದ್ದರು, "ಇರಲಿ ಅಂತ" ಅಂದಿದ್ದರು. ಆಮೇಲೆ ಇಲ್ಲ. ಮೊದಲ ಕೆಲವು ಹೆಜ್ಜೆ ನೋವು ಜಾಸ್ತಿ, ಹೌದು.

ಬೆರಳಿಟ್ಟು ತೋರಿಸು ಅಂದೆ. ಒಂದು ಬೆರಳು ಇಡಲಿಲ್ಲ. ಮಂಡಿಯ ಮುಂಭಾಗದಿಂದ ಅಂಗೈ ಮೇಲಕ್ಕೆ ಜಾರಿಸಿ ತೊಡೆಯ ಮುಂದಿನವರೆಗೆ ಸವರಿದಳು. ಗಾಯದ ಹೊರಗಡೆ ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಜಾಗ ಜೋಮು ಹಿಡಿದ ಹಾಗಿದೆಯಂತೆ, ಆದರೆ ಅಲ್ಲಿ ನೋವಿಲ್ಲ.

ಬಿಟ್ಟಿರುವ ಕೆಲಸ ಕೇಳಿದಾಗ ನನಗೆ ಅಳು ಬಂತು. ನೆಲಕ್ಕೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ, ಅದು ನಮಗೆ ಗೊತ್ತಿತ್ತು, ಡಾಕ್ಟರೇ ಬೇಡ ಅಂದಿದ್ದರು. ಆದರೆ ಬಲಗಾಲಿನ ಉಗುರು ಕತ್ತರಿಸಿಕೊಳ್ಳಲು ಆಗುತ್ತಿಲ್ಲ ಅಂತ ಯಾರಿಗೂ ಹೇಳಿರಲಿಲ್ಲ. ಪಾದಕ್ಕೆ ಕೈ ಎಟಕಲ್ಲ. ಕಾಲುಂಗುರ ಸರಿಮಾಡಿಕೊಳ್ಳಲು ಪಕ್ಕದ ಮನೆಯ ಹುಡುಗಿಯನ್ನು ಕರೆಯುತ್ತಾಳಂತೆ. ಇದು ಆಪರೇಷನ್‌ಗೆ ಮುಂಚಿಂದಲೂ ಇತ್ತಂತೆ. ಬಸ್ ಹತ್ತುವಾಗ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಇಡುತ್ತಾಳೆ. ಇದನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ, ಮಂಡಿಯಿಂದಲೇ ಅಂದುಕೊಂಡಿದ್ದೆ.

ಮೂಳೆ ವೈದ್ಯ

ತುಂಬಾ ಚೆನ್ನಾಗಿ ಬರೆದಿದ್ದೀರಿ. ಉಗುರು ಕತ್ತರಿಸುವ ಆ ಸಾಲನ್ನು ಎರಡು ಸಲ ಓದಿದೆ.

110 ಡಿಗ್ರಿ ಮಡಚುವ ಮಂಡಿ ಇದ್ದರೆ ಪಾದಕ್ಕೆ ಕೈ ಎಟಕಲೇಬೇಕು ಅಂತಿಲ್ಲ. ಆದರೆ ಎಟಕದಿದ್ದಾಗ ನಾನು ಮಂಡಿ ಬಿಟ್ಟು ಮೇಲಿನ ಕೀಲನ್ನು ನೋಡುತ್ತೇನೆ. ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು, ಎಲ್ಲರೂ ಹಿಪ್ ಅನ್ನುತ್ತಾರಲ್ಲ, ಅದು. ಹಿಪ್ಪಿಗೂ ಮಂಡಿಗೂ ಕೆಲವು ನರಗಳು ಒಂದೇ. ಹಿಪ್ ಸವೆದರೆ ನೋವು ತೊಡೆಸಂದಿಯಲ್ಲಿ ಬರಬಹುದು, ತೊಡೆಯ ಮುಂದೆ ಬರಬಹುದು. ಕೆಲವರಿಗೆ ಮಂಡಿಯಲ್ಲಿ ಮಾತ್ರ ಬರುತ್ತೆ. ರೋಗಿ ಮಂಡಿ ಹಿಡಿದುಕೊಂಡು ಬರುತ್ತಾರೆ, ಮಂಡಿಯ ಎಕ್ಸ್‌ರೇಯಲ್ಲಿ ಸವೆತ ಕಾಣುತ್ತೆ. ಆ ವಯಸ್ಸಿಗೆ ಯಾರ ಮಂಡಿಯಲ್ಲಾದರೂ ಕಂಡೀತು. ಸೊಂಟದ ನರ ಒತ್ತಿದಾಗಲೂ ಇದೇ ಥರ ತೊಡೆಯಿಂದ ಮಂಡಿವರೆಗೆ ಇಳಿಯಬಹುದು.

ಅವ್ವನನ್ನು ಅಂಗಾತ ಮಲಗಿಸಿ, ಬಲಗಾಲನ್ನು ಮಡಚಿ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ತೊಡೆಸಂದಿ ಹಿಡಿಯುತ್ತಾ ಅಂತ ನೋಡಬೇಕು. ಇದನ್ನು ಮನೆಯಲ್ಲಿ ಬಲವಂತವಾಗಿ ಮಾಡಬೇಡಿ, ಡಾಕ್ಟರ್ ಮಾಡಲಿ.

ಹಾಗಂತ ಸೀದಾ ಹಿಪ್ಪಿಗೆ ಹಾರಬಾರದು. ಸೋಂಕನ್ನು ಮೊದಲು ತಳ್ಳಿಹಾಕಬೇಕು. ಶುಗರ್ ಇದೆ, ಕಾರಣ ಬರೆಯದೆ ಆಂಟಿಬಯೋಟಿಕ್ ಕೊಟ್ಟಿದ್ದಾರೆ, ರಾತ್ರಿ ಎಚ್ಚರವಾಗುತ್ತೆ. ಸೋಂಕು ಬರುವುದು ನೂರಕ್ಕೆ ಒಂದೆರಡು ಜನರಿಗೆ, ನಿಜ. ಆದರೆ ಅದನ್ನು ಬಿಟ್ಟುಬಿಟ್ಟರೆ ಆಗುವ ನಷ್ಟ ಎಷ್ಟು ಅಂತ ಉಡುಪಿಯವರು ಹೇಳಿದ್ದಾರೆ. ಶುರುವಿಗೆ ಇಎಸ್‌ಆರ್, ಸಿಆರ್‌ಪಿ ಅನ್ನುವ ಎರಡು ರಕ್ತಪರೀಕ್ಷೆ ಸಾಕು, ಮೈಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುತ್ತವೆ, ಯಾವ ಊರಲ್ಲೂ ಆಗುತ್ತೆ. ಆಪರೇಷನ್ ಆದಾಗ ಎರಡೂ ಏರುತ್ತವೆ. ಸಿಆರ್‌ಪಿ ಸಾಮಾನ್ಯವಾಗಿ 6 ವಾರದೊಳಗೆ ಇಳಿಯುತ್ತೆ, ಇಎಸ್‌ಆರ್ ಇನ್ನೂ ನಿಧಾನ. 8 ತಿಂಗಳಿಗೆ ಎರಡೂ ಇಳಿದಿರಬೇಕು.

ಎಕ್ಸ್‌ರೇ ಬಗ್ಗೆಯೂ ಒಂದು ಮಾತು. ಮಲಗಿಸಿ ತೆಗೆದ ಒಂದು ಎಕ್ಸ್‌ರೇ ನೋಡಿ ಎಲ್ಲಾ ಸರಿ ಅನ್ನಲಾಗದು. ನಿಲ್ಲಿಸಿ ತೆಗೆಯಬೇಕು, ಸೊಂಟದಿಂದ ಪಾದದವರೆಗಿನ ಉದ್ದದ ಎಕ್ಸ್‌ರೇ ಬೇಕು, ಚಿಪ್ಪನ್ನು ಮೇಲಿನಿಂದ ನೋಡುವ ಎಕ್ಸ್‌ರೇಯೂ ಬೇಕು. ಆಪರೇಷನ್ ಆದ ಮರುದಿನದ ಎಕ್ಸ್‌ರೇ ಪಕ್ಕದಲ್ಲಿಟ್ಟು ಹೋಲಿಸಬೇಕು. ಕೀಲು ಸಡಿಲವಾಗುತ್ತಿದ್ದರೆ ಲೋಹ ಮತ್ತು ಮೂಳೆಯ ನಡುವೆ ಒಂದು ಕಪ್ಪು ಗೆರೆ ಅಗಲವಾಗುತ್ತಾ ಹೋಗುವುದು ಹಾಗೆ ಹೋಲಿಸಿದಾಗಲೇ ಕಾಣುವುದು.

ಆ ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ ಕೇಳಿ. 2002ರ ವೈದ್ಯಕೀಯ ನಿಯಮಾವಳಿಯ ಪ್ರಕಾರ ರೋಗಿ ಅಥವಾ ಅವರ ಪರವಾದವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದರಲ್ಲಿ ಕೀಲಿನ ಸ್ಟಿಕ್ಕರ್ ಇರುತ್ತೆ. ಕಂಪನಿ, ಅಳತೆ, ಬ್ಯಾಚ್ ನಂಬರ್ ಎಲ್ಲಾ ಅದರಲ್ಲೇ ಬರೆದಿರುತ್ತೆ. ಮುಂದೆ ಯಾರು ಆ ಮಂಡಿ ತೆರೆದರೂ ಮೊದಲು ಕೇಳುವುದು ಅದನ್ನೇ.

ಬಳ್ಳಾರಿ ಬಸವ

ಡಾಕ್ಟರ್, ಬೋನ್ ಸ್ಕ್ಯಾನ್ ಮಾಡಿಸಿದರೆ ಒಂದೇ ಏಟಿಗೆ ಗೊತ್ತಾಗಲ್ವಾ? ಚಿಕ್ಕಪ್ಪನಿಗೆ ಅದನ್ನು ನೋಡಿಯೇ ಎರಡನೇ ಆಪರೇಷನ್ ಮಾಡಿದ್ದು.

ಮೂಳೆ ವೈದ್ಯ

ಬಸವ ಅವರೇ, ಎಷ್ಟು ತಿಂಗಳಿಗೆ ಮಾಡಿಸಿದ್ದರು? ಮಂಡಿ ಬದಲಿಸಿದ ಮೇಲೆ ಮೂಳೆ ಹೊಸದಾಗಿ ಹೊಂದಿಕೊಳ್ಳುತ್ತಿರುತ್ತೆ. ಮೂಳೆ ಎಲ್ಲಿ ಚುರುಕಾಗಿದೆ ಅಂತ ತೋರಿಸುವುದೇ ಬೋನ್ ಸ್ಕ್ಯಾನ್, ಹಾಗಾಗಿ ಎಲ್ಲಾ ಸರಿಯಿದ್ದವರಲ್ಲೂ ಅದು ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಉರಿಯುತ್ತಿರುವ ಹಾಗೆ ಕಾಣುತ್ತೆ. ಅದೊಂದನ್ನೇ ನಂಬಿ ಕತ್ತಿ ಹಿಡಿಯಬಾರದು. ಕಾರಣ ಸಿಗದೆ ಬರೀ ನೋವಿಗೆ ಅಂತ ಮಾಡಿದ ಎರಡನೇ ಆಪರೇಷನ್ ಹೆಚ್ಚಿನವರಿಗೆ ಉಪಯೋಗವಾಗಲ್ಲ. ಕಾರಣ ಸಿಕ್ಕಿ ಮಾಡಿದರೆ ಮಾತು ಬೇರೆ.

ದಾವಣಗೆರೆ ದರ್ಜಿ

ನನ್ನದು ಇವೆರಡೂ ಅಲ್ಲ, ಆದರೆ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು.

ನನಗೆ ಮಂಡಿಯ ಒಳಬದಿಯಲ್ಲಿ ಒಂದೇ ಒಂದು ಜಾಗ. ಪಂಚೆಯ ಅಂಚು ತಾಗಿದರೂ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿ. ಮಷಿನ್ ತುಳಿಯುವುದಿರಲಿ, ರಾತ್ರಿ ಹೊದಿಕೆ ಹೊದೆಯಲೂ ಆಗುತ್ತಿರಲಿಲ್ಲ. ಎಲ್ಲರೂ ಎಕ್ಸ್‌ರೇ ನೋಡುತ್ತಿದ್ದರು. ಕೊನೆಗೊಬ್ಬ ಡಾಕ್ಟರ್ ಎಕ್ಸ್‌ರೇ ಪಕ್ಕಕ್ಕಿಟ್ಟು ಆ ಜಾಗಕ್ಕೆ ಬೆರಳ ತುದಿಯಿಂದ ಟಕ್ ಅಂತ ತಟ್ಟಿದರು. ಕರೆಂಟ್ ಹೊಡೆದ ಹಾಗೆ ಮುಂದಕ್ಕೆ ಹರಿಯಿತು. ಅಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಚೂರು ಕೊಟ್ಟರು. ಹತ್ತು ನಿಮಿಷಕ್ಕೆ ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದೆ.

ಮಂಡಿಯ ಮುಂದೆ ಹಾಯುವ ಸಣ್ಣ ನರ ಒಂದಿದೆಯಂತೆ, ಕೊಯ್ಯುವಾಗ ಅದರ ಎಳೆ ತಪ್ಪಿಸಲು ಆಗಲ್ಲವಂತೆ. ಅದಕ್ಕೇ ತುಂಬಾ ಜನರಿಗೆ ಗಾಯದ ಹೊರಗಡೆ ಜೋಮು ಇರುತ್ತೆ, ಅದು ಮಾಮೂಲು. ನನಗೆ ಕತ್ತರಿಸಿದ ತುದಿಯಲ್ಲಿ ಗಂಟು ಕಟ್ಟಿತ್ತು. ನರದ ನೋವಿಗೆ ಬೇರೆ ಥರದ ಮಾತ್ರೆ, ಹಚ್ಚುವ ಮುಲಾಮು ಕೊಟ್ಟರು. ಈಗ ದಿನಕ್ಕೆ ಆರು ತಾಸು ಮಷಿನ್ ತುಳಿಯುತ್ತೇನೆ. ಅಲ್ಲಿವರೆಗೆ ನುಂಗಿದ ನೋವಿನ ಮಾತ್ರೆಗಳಿಗೆ ಲೆಕ್ಕವಿಲ್ಲ, ಅವು ಈ ನೋವಿಗೆ ನಾಟುವ ಮಾತ್ರೆಗಳೇ ಅಲ್ಲವಂತೆ. ಶುಗರ್ ಇರುವವರು ಅವನ್ನು ಸುಮ್ನೆ ನುಂಗುತ್ತಾ ಇದ್ದರೆ ಕಿಡ್ನಿಗೆ ಪೆಟ್ಟು, ಜೋಪಾನ.

ಹಾವೇರಿ ಹುಡುಗಿ (2 ವಾರದ ನಂತರ)

ರಕ್ತಪರೀಕ್ಷೆ ಆಯಿತು. ಇಎಸ್‌ಆರ್ 34. ಸಿಆರ್‌ಪಿ 0.7. ಸಿಆರ್‌ಪಿ ಒಂದಕ್ಕಿಂತ ಕಮ್ಮಿ, ಅಂದರೆ ಚೆನ್ನಾಗಿದೆ ಅಲ್ವಾ?

ಮೂಳೆ ವೈದ್ಯ

0.7ರ ಮುಂದೆ ಏನು ಬರೆದಿದೆ ನೋಡಿ. ಲೀಟರಿಗೆ ಮಿಲಿಗ್ರಾಂ ಅಂತಲಾ, ಡೆಸಿಲೀಟರಿಗೆ ಅಂತಲಾ?

ಹಾವೇರಿ ಹುಡುಗಿ

ಡೆಸಿಲೀಟರ್.

ಮೂಳೆ ವೈದ್ಯ

ಹಾಗಾದರೆ ನಾವು ಲೆಕ್ಕ ಹಾಕುವ ರೀತಿಯಲ್ಲಿ ಅದು 7. ನಾವು ಗಮನಿಸುವ ಗಡಿ ಲೀಟರಿಗೆ 10 ಮಿಲಿಗ್ರಾಂ. ಇದು ಗಡಿಯೊಳಗಿದೆ, ಒಳ್ಳೆಯದು. ಆದರೆ ಲ್ಯಾಬಿಂದ ಲ್ಯಾಬಿಗೆ ಅಳತೆ ಬೇರೆ ಇರುತ್ತೆ. ಡೆಸಿಲೀಟರಿಗೆ 3 ಅಂತ ಬಂದಿದ್ದನ್ನು "ಬರೀ ಮೂರು" ಅಂತ ಬಿಟ್ಟವರನ್ನು ನೋಡಿದ್ದೇನೆ. ಅದು ನಿಜಕ್ಕೂ 30.

ಇಎಸ್‌ಆರ್ 34 ಸ್ವಲ್ಪ ಮೇಲಿದೆ, ಗಡಿ 30. ವಯಸ್ಸಿಗೆ, ಶುಗರಿಗೆ, ರಕ್ತ ಕಮ್ಮಿ ಇದ್ದರೂ ಅಷ್ಟು ಏರಬಹುದು. ನಾನಾಗಿದ್ದರೆ ಅವ್ವನ ವಿಷಯದಲ್ಲಿ ಮಂಡಿಯ ನೀರು ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದೆ. ಅದಕ್ಕೂ ಮುಂಚೆ ಕನಿಷ್ಠ 2 ವಾರ ಆಂಟಿಬಯೋಟಿಕ್ ಬಿಟ್ಟಿರಬೇಕು, ಅವ್ವ ತಿಂಗಳುಗಳಿಂದ ತೆಗೆದುಕೊಂಡಿಲ್ಲ, ಅಡ್ಡಿಯಿಲ್ಲ. ನೀರಿನಲ್ಲಿ ಬಿಳಿರಕ್ತಕಣ ಎಣಿಸಲು ಹೇಳಿ. ಮಾಮೂಲಿ ಮಂಡಿಯಲ್ಲಿ ಸೋಂಕಾದರೆ ಎಣಿಕೆ 50,000 ದಾಟುವುದುಂಟು. ಬದಲಿಸಿದ ಮಂಡಿಯಲ್ಲಿ 3,000 ದಾಟಿದರೇ ಅನುಮಾನ. ಇದು ಗೊತ್ತಿಲ್ಲದವರು 8,000 ನೋಡಿ ಪರವಾಗಿಲ್ಲ ಅಂದುಬಿಡುತ್ತಾರೆ. ಕಲ್ಚರನ್ನು, ಅಂದರೆ ಆ ನೀರಿನಲ್ಲಿ ಕ್ರಿಮಿ ಬೆಳೆಯುತ್ತಾ ಅಂತ ಲ್ಯಾಬಿನಲ್ಲಿಟ್ಟು ನೋಡುವ ಪರೀಕ್ಷೆಯನ್ನು, 14 ದಿನ ಇಡಲು ಹೇಳಿ. ಕೆಲವು ಕ್ರಿಮಿಗಳು ನಿಧಾನಕ್ಕೆ ಬೆಳೆಯುತ್ತವೆ, ಮೂರೇ ದಿನಕ್ಕೆ ಮುಚ್ಚಿದರೆ ಸಿಗಲ್ಲ.

ಹಾವೇರಿ ಹುಡುಗಿ (3 ವಾರದ ನಂತರ)

ಬೇರೆ ಡಾಕ್ಟರಿಗೆ ತೋರಿಸಿದೆವು. ನಾನು ನೋಟ್‌ಬುಕ್ ಕೊಟ್ಟೆ. ಅವರು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಓದಿ ಮುಗಿಯುವವರೆಗೆ ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು.

ಮಂಡಿಯ ನೀರು ತೆಗೆದರು. ಕಣ 400. ಕಲ್ಚರ್ 14 ದಿನ ಇಟ್ಟರು, ಏನೂ ಬೆಳೆಯಲಿಲ್ಲ. ಆ 14 ದಿನ ನಮಗೆ ಹೇಗೆ ಹೋಯಿತು ಅಂತ ಹೇಳಲಾರೆ. ಉಡುಪಿಯವರ ಕಥೆ ಓದಿದ ಮೇಲೆ ನಿದ್ದೆ ಬಂದಿರಲಿಲ್ಲ. ಆದರೆ ಬರೆದಿದ್ದಕ್ಕೆ ಅವರಿಗೆ ಋಣಿ.

ಕೇಸ್ ಶೀಟ್ ಮೊದಲು ಕೊಡಲ್ಲ ಅಂದರು. 72 ಗಂಟೆಯ ನಿಯಮ ಬರೆದು ಅರ್ಜಿ ಕೊಟ್ಟೆ. ಎರಡನೇ ದಿನ ಜೆರಾಕ್ಸ್ ಸಿಕ್ಕಿತು. ಹಳೇ ಎಕ್ಸ್‌ರೇ ಪಕ್ಕ ಹೊಸದಿಟ್ಟು ನೋಡಿದರು, ಮಂಡಿಯ ಕೀಲು ಅಲುಗಾಡಿಲ್ಲ. ಸೊಂಟದಿಂದ ಪಾದದವರೆಗಿನ ಎಕ್ಸ್‌ರೇಯಲ್ಲಿ ಕಾಲು ನೆಟ್ಟಗಿದೆ. ಅದೇ ಎಕ್ಸ್‌ರೇಯ ಮೇಲ್ತುದಿಯಲ್ಲಿ ಡಾಕ್ಟರ್ ಪೆನ್ನಿಟ್ಟು ತೋರಿಸಿದರು. ಎಡ ಹಿಪ್ಪಿನಲ್ಲಿ ಮೂಳೆ ಮೂಳೆಯ ಮಧ್ಯೆ ಸ್ಪಷ್ಟವಾಗಿ ಜಾಗ ಕಾಣುತ್ತೆ. ಬಲಗಡೆ ಮೇಲ್ಭಾಗದಲ್ಲಿ ಜಾಗವೇ ಇಲ್ಲ, ಒಂದಕ್ಕೊಂದು ತಾಗಿವೆ.

ಅವರು ಅಲ್ಲಿಗೇ ತೀರ್ಮಾನ ಮಾಡಲಿಲ್ಲ. "ಎಕ್ಸ್‌ರೇಯಲ್ಲಿ ಕಂಡಿದ್ದೆಲ್ಲಾ ನೋವು ಕೊಡಬೇಕಾಗಿಲ್ಲ, ಇದೇ ತಪ್ಪು ಮಂಡಿಯ ವಿಷಯದಲ್ಲಿ ಆಗಿರಬಹುದು" ಅಂದರು. ಸ್ಕ್ಯಾನ್ ನೋಡಿಕೊಂಡು ಹಿಪ್ಪಿನೊಳಗೆ ಮರಗಟ್ಟಿಸುವ ಔಷಧಿ ಮಾತ್ರ ಹಾಕುತ್ತೇವೆ, ನೋವು ಎಲ್ಲಿ ಹೋಗುತ್ತೆ ನೋಡೋಣ ಅಂದರು. ಸ್ಟಿರಾಯ್ಡ್ ಬೇಡ, ಮುಂದೆ ಹಿಪ್ ಬದಲಿಸಬೇಕಾಗಿ ಬಂದರೆ ಸ್ಟಿರಾಯ್ಡ್ ಹಾಕಿದ ಮೇಲೆ 3 ತಿಂಗಳಾದರೂ ಕಾಯಬೇಕಾಗುತ್ತೆ, ಇಲ್ಲದಿದ್ದರೆ ಸೋಂಕಿನ ಭಯ ಅಂತ ವಿವರಿಸಿದರು.

ನಾಡಿದ್ದು ಇಂಜೆಕ್ಷನ್.

ಮೈಸೂರು ಟೀಚರ್

ತಂಗಿ, ಅವತ್ತು ಸಂಜೆ ಎಷ್ಟು ಹೊತ್ತಾದರೂ ಬರೆಯಿರಿ. ಕಾಯುತ್ತಿರುತ್ತೇನೆ.

ಹಾವೇರಿ ಹುಡುಗಿ (2 ದಿನದ ನಂತರ)

ಟೀಚರ್, ಈಗ ರಾತ್ರಿ 11 ಗಂಟೆ.

ಮಧ್ಯಾಹ್ನ 12ಕ್ಕೆ ಇಂಜೆಕ್ಷನ್ ಕೊಟ್ಟರು. ಮುಂಚೆ ನಡೆಸಿ ನೋವಿಗೆ ಹತ್ತಕ್ಕೆ ಎಷ್ಟು ಅಂತ ಕೇಳಿದರು, ಅವ್ವ ಏಳು ಅಂದಳು. ಅರ್ಧ ಗಂಟೆಯ ನಂತರ ಮತ್ತೆ ನಡೆಸಿದರು. ಅವ್ವ ನಾಲ್ಕು ಹೆಜ್ಜೆ ಇಟ್ಟು ನಿಂತಳು. ಮಂಡಿ ಮುಟ್ಟಿ ನೋಡಿಕೊಂಡಳು. "ಇಲ್ಲಿ ಏನೂ ಮಾಡಲಿಲ್ಲಲ್ಲ ಇವರು?" ಅಂತ ನನ್ನನ್ನು ಕೇಳಿದಳು. ಎಷ್ಟು ಅಂದರೆ "ಒಂದು. ಅದೂ ಹೊಲಿಗೆ ಹತ್ತಿರ" ಅಂದಳು.

ಬಸ್ ಹತ್ತುವಾಗ ಕಾಲನ್ನು ಕೈಯಿಂದ ಎತ್ತಲಿಲ್ಲ. ಮನೆಗೆ ಬಂದು ಕುರ್ಚಿ ಹಾಕಿಕೊಂಡು ಕಟ್ಟೆಯ ಮೇಲೆ ಎರಡು ರೊಟ್ಟಿ ಬಡಿದಳು. ಸಂಜೆ ಆರರ ಹೊತ್ತಿಗೆ ಔಷಧಿ ಇಳಿದು ನೋವು ಮತ್ತೆ ಬಂತು. ಹಾಗಾಗುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆದರೂ ಅವ್ವನ ಮುಖ ಬೇರೆಯೇ ಇತ್ತು. "ನಾ ಸುಳ್ಳು ಹೇಳ್ತಿರಲಿಲ್ಲ ನೋಡು" ಅಂದಳು.

ಹಿಪ್ ಬದಲಿಸುವ ಬಗ್ಗೆ ಯೋಚನೆಗೆ ಎರಡು ತಿಂಗಳು ತೆಗೆದುಕೊಂಡಿದ್ದೇವೆ. ಅಷ್ಟರಲ್ಲಿ ಶುಗರ್ ಇನ್ನಷ್ಟು ಹತೋಟಿಗೆ ತರಬೇಕು, ಎಡಗೈಯಲ್ಲಿ ಕೋಲು ಹಿಡಿದು ನಡೆಯಬೇಕು ಅಂದಿದ್ದಾರೆ. ನಾವು ಇಷ್ಟು ದಿನ ಬಲಗೈಗೆ ಕೊಟ್ಟಿದ್ದೆವು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕಂತೆ.

ಮಂಡಿಯ ಆಪರೇಷನ್ ಬೇಕಿರಲಿಲ್ಲವಾ ಅಂತ ಕೇಳಿದೆ. ಅಲ್ಲೂ ಸವೆತ ನಿಜವಾಗಿಯೇ ಇತ್ತು, ಎಷ್ಟು ಪಾಲು ಯಾವುದರದ್ದು ಅಂತ ಈಗ ಹೇಳಲಾಗದು ಅಂದರು. ಅವ್ವನೇ ಆ ಮಾತನ್ನು ಅಲ್ಲಿಗೆ ಬಿಡು ಅಂದಳು. ನನಗಿನ್ನೂ ಬಿಡಲು ಆಗಿಲ್ಲ.

ಬ್ರಿಸ್ಟಲ್ ಕನ್ನಡತಿ

ಓದಿ ಕಣ್ಣು ತುಂಬಿತು. ಕೋಲಿನ ವಿಷಯ ನಾನೇ ಮೊದಲ ದಿನ ಕೇಳಬೇಕಿತ್ತು. ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಮಂಡಿಯ ವ್ಯಾಯಾಮ ನಿಲ್ಲಿಸಬೇಡಿ, ಹಿಪ್ಪಿಗೆ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಫಿಸಿಯೋ ಹತ್ತಿರ ಕೇಳಿ ಸೇರಿಸಿಕೊಳ್ಳಿ.

ಉಡುಪಿ ಕಡಲು

ಅವ್ವನಿಗೆ ನಮ್ಮ ಅಪ್ಪ ನಮಸ್ಕಾರ ಹೇಳಿದ್ದಾರೆ. ಖರ್ಚಿನ ಬಗ್ಗೆ ಒಂದು ಮಾತು. ಮಂಡಿಯ ಕೀಲಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಎರಡನೇ ಸಲ ಹಾಕುವ ಕೀಲಿಗೆ 1,13,950, ತೆರಿಗೆ ಬೇರೆ. ಆ ಆದೇಶ ಮಂಡಿಗೆ ಮಾತ್ರ. ಹಿಪ್ಪಿಗೂ ಅದೇ ಲೆಕ್ಕ ಅಂದುಕೊಂಡು ಹೋಗಬೇಡಿ, ಕೀಲಿನ ಬೆಲೆ ಬೇರೆಯಾಗಿ ಬರೆಸಿಕೊಂಡು ಎರಡು ಕಡೆ ಕೇಳಿ.

ತುಮಕೂರು ತೆಂಗು

ಈ ಚರ್ಚೆಯನ್ನು ಇವತ್ತು ಒಂದೇ ಉಸಿರಿಗೆ ಓದಿದೆ. ನಮ್ಮಪ್ಪನಿಗೆ ಆಪರೇಷನ್ ಆಗಿ 10 ತಿಂಗಳು, ನೋವಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಕೀಲಿನ ಸ್ಟಿಕ್ಕರ್ ಎಲ್ಲೂ ಕಾಣುತ್ತಿಲ್ಲ. ನಿಮಗೆ ಎಲ್ಲಿ ಸಿಕ್ಕಿತು ಅಕ್ಕಾ?

ಹಾವೇರಿ ಹುಡುಗಿ

ನಮಗೂ ಡಿಸ್ಚಾರ್ಜ್ ಕಾರ್ಡಿನಲ್ಲಿ ಇರಲಿಲ್ಲ ತಮ್ಮಾ. ಕೇಸ್ ಶೀಟಿನಲ್ಲಿ ಆಪರೇಷನ್ ಬಗ್ಗೆ ಬರೆದ ಹಾಳೆ ಇರುತ್ತಲ್ಲ, ಅದರ ಹಿಂಬದಿಯಲ್ಲಿ ನಾಲ್ಕು ಸ್ಟಿಕ್ಕರ್ ಅಂಟಿಸಿದ್ದರು. ಜೆರಾಕ್ಸ್ ಮಾಡುವವರು ಮುಂದಿನ ಪುಟ ಮಾತ್ರ ತೆಗೆದಿದ್ದರು, ನಾನು ವಾಪಸ್ ಹೋಗಿ ಹಿಂಬದಿಯನ್ನೂ ತೆಗೆಸಿದೆ. ನೀವು ಅಲ್ಲೇ ನಿಂತು ತಿರುಗಿಸಿ ನೋಡಿ. ಫೋನಿನಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ, ಜೆರಾಕ್ಸಿನಲ್ಲಿ ಸಣ್ಣ ಅಕ್ಷರ ಮಸುಕಾಗುತ್ತೆ. ಮತ್ತೆ ಇವತ್ತು ಮನೆಗೆ ಹೋದ ಮೇಲೆ ಅಪ್ಪನ ಕಾಲಿನ ಉಗುರು ನೋಡಿ. ಯಾರು ಕತ್ತರಿಸುತ್ತಾರೆ ಅಂತ ಕೇಳಿ.